ನೊರೆ ಬಂತು, ಜಾರು ಬರಲಿಲ್ಲ: ಶೇವಿಂಗ್ ಸೋಪು, ಕ್ರೀಮುಗಳ ಜೊತೆ ಆರು ವರ್ಷ

ನಮ್ಮ ಬಚ್ಚಲುಮನೆ ಕಪಾಟಿನಲ್ಲಿ ಒಂಬತ್ತು ಡಬ್ಬಿ, ಟ್ಯೂಬುಗಳಿವೆ. ಆರು ವರ್ಷದಲ್ಲಿ ಒಂದೊಂದಾಗಿ ಸೇರಿದವು. ಅದರಲ್ಲಿ ಏಳನ್ನು ಒಂದಲ್ಲ ಒಂದು ಹೊತ್ತಿನಲ್ಲಿ ಪ್ರಯೋಜನ ಇಲ್ಲ ಎಂದು ಬದಿಗಿಟ್ಟಿದ್ದೆ. ಎರಡರ ವಿಷಯದಲ್ಲಿ ನನ್ನ ತೀರ್ಮಾನ ತಪ್ಪಾಗಿತ್ತು, ಅದನ್ನೂ ಹೇಳುತ್ತೇನೆ. ಉಳಿದ ಐದು ನಿಜಕ್ಕೂ ನಿರಾಸೆ ಮಾಡಿದವು. ಅವುಗಳ ಹೆಸರು ಬರೆಯುತ್ತಿಲ್ಲ. ಹೆಸರು ಅದೇ ಇದ್ದರೂ ಒಳಗಿನ ಸಾಮಾನು ಬದಲಾಗುತ್ತಿರುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಲು ಬಂದರೆ ಹೆಸರಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನನ್ನ ಗಡ್ಡ ಒರಟು. ಗಂಟಲ ಕೆಳಗೆ ಕೂದಲು ಅಡ್ಡಡ್ಡ ಬೆಳೆಯುತ್ತದೆ. ಐದು ಬ್ಲೇಡಿನ ಕಾರ್ಟ್ರಿಜ್ ಹಿಡಿದಿದ್ದ ಕಾಲದಲ್ಲಿ ಅಲ್ಲೆಲ್ಲ ಕೆಂಪು ಗುಳ್ಳೆ ಏಳುತ್ತಿತ್ತು. ಹಾಗಾಗಿ ಅಪ್ಪನ ದಾರಿಗೆ ಬಂದೆ. ಎರಡು ಅಂಚಿನ ಬ್ಲೇಡು ಹಾಕುವ ಸೇಫ್ಟಿ ರೇಜರ್, ಒಂದು ಬ್ರಷ್, ಒಂದು ಸ್ಟೀಲ್ ಬಟ್ಟಲು. ಗುಳ್ಳೆ ಕಡಿಮೆಯಾಯಿತು. ಆದರೆ ಸೋಪಿನ ಕಥೆ ಶುರುವಾಯಿತು.

ಮೊದಲು ಸೋಪನ್ನು ನಾನು ಅಳೆಯುವುದು ಹೇಗೆ ಎಂದು ಹೇಳಿಬಿಡುತ್ತೇನೆ. ನೊರೆ ಎಷ್ಟು ಎದ್ದಿತು ಅನ್ನೋದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನೊರೆಗೆ ಎರಡು ಕೆಲಸ. ಕೂದಲಿನ ಮೇಲೆ ನೀರನ್ನು ಹಿಡಿದಿಟ್ಟು ಅದನ್ನು ಮೆತ್ತಗೆ ಮಾಡುವುದು ಒಂದು. ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರು ಕೊಡುವುದು ಇನ್ನೊಂದು. ಮೊದಲ ಸುತ್ತು ಬ್ಲೇಡು ಎಳೆದ ಮೇಲೆ, ನೊರೆ ಹೋದ ಕೆನ್ನೆಯ ಮೇಲೆ ಒದ್ದೆ ಬೆರಳು ಆಡಿಸಿ ನೋಡಿ. ಇನ್ನೂ ಜಾರಿದರೆ ಅದು ಒಳ್ಳೆ ಸೋಪು. ಬೆರಳು ಹಿಡಿದುಕೊಂಡರೆ ಅಲ್ಲಿ ಇನ್ನೊಮ್ಮೆ ಬ್ಲೇಡು ಎಳೆಯಬೇಡಿ. ಕೊನೆಗೆ ಪಟಿಕದ ಕಲ್ಲು ಉಜ್ಜುತ್ತೇನೆ. ಎಲ್ಲೆಲ್ಲಿ ಉರಿಯುತ್ತದೋ ಅಲ್ಲೆಲ್ಲ ಬ್ಲೇಡು ಚರ್ಮ ಕೆರೆದಿದೆ ಎಂದರ್ಥ. ಪಟಿಕ ಸುಳ್ಳು ಹೇಳುವುದಿಲ್ಲ.

ಮೊದಲು ತಂದದ್ದು ಸೂಪರ್ ಮಾರ್ಕೆಟ್ಟಿನ ಮೆಂಥಾಲ್ ಕ್ರೀಮ್. 70 ಗ್ರಾಂ ಟ್ಯೂಬು. ಬ್ರಷ್ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಬಟ್ಟಲು ತುಂಬಿ ಬರುವಷ್ಟು ನೊರೆ. ತುಂಬ ಖುಷಿಯಾಗಿತ್ತು. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಆ ನೊರೆ ಒಣಗಿ ಪುಡಿಪುಡಿಯಾಗಿರುತ್ತಿತ್ತು. ತಂಪು ಮಾತ್ರ ಜೋರು. ಆ ತಂಪಿನಲ್ಲಿ ಚರ್ಮ ಕೆರೆದದ್ದು ಆಗ ಗೊತ್ತಾಗುವುದಿಲ್ಲ, ಆಫೀಸಿಗೆ ಹೋದ ಮೇಲೆ ಗೊತ್ತಾಗುತ್ತದೆ. ಮೂರು ಟ್ಯೂಬು ಖಾಲಿ ಮಾಡಿದ ಮೇಲೇ ಇದನ್ನು ಬಿಟ್ಟೆ. ಗಂಧದ ಪರಿಮಳದ ಇನ್ನೊಂದು ಕ್ರೀಮ್ ಕೂಡ ಇದೇ ಜಾತಿ. ವಾಸನೆ ಸಂಜೆವರೆಗೂ ಇತ್ತು, ಉರಿಯೂ ಸಂಜೆವರೆಗೂ ಇತ್ತು.

ಆಮೇಲೆ ಬಂದದ್ದು ಗಿಡಮೂಲಿಕೆ ಕ್ರೀಮ್. ಪೆಟ್ಟಿಗೆ ಮೇಲೆ ಬೇವು, ಅರಿಶಿನ, ಲೋಳೆಸರದ ಚಿತ್ರ. ಹಿಂದೆ ತಿರುಗಿಸಿ ಓದಿದರೆ ಅವೆಲ್ಲ ಪಟ್ಟಿಯ ತುದಿಯಲ್ಲಿದ್ದವು. ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಇದರ ನೊರೆ ಅಂಟಂಟು. ರೇಜರಿನ ಸಂದಿಯಲ್ಲಿ ಮೆತ್ತಿಕೊಂಡು, ಪ್ರತಿ ಎಳೆತಕ್ಕೂ ತೊಳೆಯಬೇಕಿತ್ತು.

ಜಾಸ್ತಿ ನೋವಾದದ್ದು ಕೈಯಲ್ಲಿ ಮಾಡಿದ ಸೋಪಿನಿಂದ. ಸಣ್ಣದಾಗಿ ಮನೆಯಲ್ಲೇ ಸೋಪು ಮಾಡುವವರಿಗೆ ನಾಲ್ಕು ಕಾಸು ಸಿಗಲಿ ಎಂದು ಮನಸ್ಸಿಟ್ಟು ತರಿಸಿದ್ದೆ. 450 ರೂಪಾಯಿ, ತಗಡಿನ ಚೆಂದದ ಡಬ್ಬಿ, ಆಡಿನ ಹಾಲು, ಕೊಬ್ಬರಿ ಎಣ್ಣೆ. ನೊರೆ ಬಂದ ಕೂಡಲೇ ದೊಡ್ಡ ದೊಡ್ಡ ಗುಳ್ಳೆ. ಅರ್ಧ ನಿಮಿಷದಲ್ಲಿ ಠುಸ್ ಎಂದು ಇಳಿದುಹೋಗುತ್ತಿತ್ತು. ಕಾರಣ ಹುಡುಕುತ್ತ ಹೋದಾಗ ಗೊತ್ತಾಯಿತು, ಅದು ಡಬ್ಬಿಗೆ ಹಾಕಿದ ಮೈ ಸೋಪು ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೋಪು ಎಂದರೆ ಎಣ್ಣೆ ಅಥವಾ ಕೊಬ್ಬು ಕ್ಷಾರದ ಜೊತೆ ಸೇರಿ ಆಗುವ ವಸ್ತು. ಮೈ ಸೋಪಿಗೆ ಹಾಕುವ ಕ್ಷಾರ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಅದರಿಂದ ಸೋಪು ಗಟ್ಟಿಯಾಗುತ್ತದೆ, ಬಿಲ್ಲೆ ಬೇಗ ಕರಗುವುದಿಲ್ಲ. ಶೇವಿಂಗಿಗೆ ಬೇಕಾದದ್ದು ಬೇರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಆದ ಸೋಪು ಮೆತ್ತಗಿರುತ್ತದೆ, ನೀರಲ್ಲಿ ಬೇಗ ಕರಗುತ್ತದೆ, ಬ್ರಷ್ಷಿಗೆ ಸುಲಭವಾಗಿ ಹತ್ತುತ್ತದೆ. ಒಳ್ಳೆ ಶೇವಿಂಗ್ ಸೋಪಿನಲ್ಲಿ ಸಾಮಾನ್ಯವಾಗಿ ಎರಡೂ ಕ್ಷಾರ ಇರುತ್ತವೆ. ಇನ್ನೊಂದು ಸ್ಟಿಯರಿಕ್ ಆಸಿಡ್. ಸಣ್ಣ ಗುಳ್ಳೆಯ, ಮೊಸರಿನ ಹಾಗೆ ಗಟ್ಟಿಯಾಗಿ ನಿಲ್ಲುವ ನೊರೆ ಬರುವುದು ಇದರಿಂದ. ಕೊಬ್ಬರಿ ಎಣ್ಣೆ ಬೇಗ ನೊರೆ ಕೊಡುತ್ತದೆ ನಿಜ, ಆದರೆ ಅದೊಂದನ್ನೇ ನಂಬಿದರೆ ಆ ನೊರೆ ನಿಲ್ಲುವುದಿಲ್ಲ, ಚರ್ಮವೂ ಬಿಗಿಯುತ್ತದೆ. ನಾನು ತರಿಸಿದ ಡಬ್ಬಿಯಲ್ಲಿ ಸೋಡಿಯಂ ಮಾತ್ರ ಇತ್ತು. ಸ್ಟಿಯರಿಕ್ ಆಸಿಡ್ಡಿನ ಹೆಸರೇ ಇರಲಿಲ್ಲ.

ಕೆಲವರು ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶದ ಶೇಕಡಾ ಲೆಕ್ಕ ನೋಡಿ ಸೋಪು ಕೊಳ್ಳಿ ಎನ್ನುತ್ತಾರೆ. ಸ್ನಾನಕ್ಕೆ ಆ ಮಾತು ಸರಿ. ಗ್ರೇಡ್ 1 ಸೋಪಿಗೆ ಕನಿಷ್ಠ 76 ಇರಬೇಕು. ಆದರೆ ಟಿಎಫ್‌ಎಂ ಹೇಳುವುದು ಕೊಬ್ಬಿನಂಶ ಎಷ್ಟಿದೆ ಎಂದು ಮಾತ್ರ. ಯಾವ ಕೊಬ್ಬು, ಯಾವ ಕ್ಷಾರ ಎಂದು ಹೇಳುವುದಿಲ್ಲ. ಗಡ್ಡಕ್ಕೆ ಬೇಕಾದದ್ದು ಅದು ಹೇಳದ ಆ ಉತ್ತರವೇ.

ಐದನೆಯದು ವಿದೇಶದ ಸೋಪು, ಮರದ ಬಟ್ಟಲಿನಲ್ಲಿ ಬರುವಂಥದ್ದು. ಗೆಳೆಯನೊಬ್ಬ ಬರುವಾಗ ತಂದುಕೊಟ್ಟ. ಬೆಲೆ ಎರಡು ಸಾವಿರದ ಮೇಲೆ, ಅವನು ತೆಗೆದುಕೊಳ್ಳಲಿಲ್ಲ ಅನ್ನೋದು ಬೇರೆ ಮಾತು. ಇದರ ಹಳೆಯ ಬಿಲ್ಲೆಯನ್ನು ನಾನು ಅವನ ಮನೆಯಲ್ಲೇ ಒಮ್ಮೆ ಬಳಸಿದ್ದೆ, ಅದ್ಭುತವಾಗಿತ್ತು. ಹೊಸದು ಅದಲ್ಲ. ಹೆಸರು ಅದೇ, ಬಟ್ಟಲು ಅದೇ, ಹಿಂದಿನ ಪಟ್ಟಿ ಮಾತ್ರ ಬದಲಾಗಿತ್ತು. ಹಳೆಯದರಲ್ಲಿ ಟ್ಯಾಲೋ ಇತ್ತು, ಅಂದರೆ ದನ ಅಥವಾ ಕುರಿಯ ಕೊಬ್ಬು. ಹೊಸದರಲ್ಲಿ ಅದನ್ನು ತೆಗೆದು ತಾಳೆ ಎಣ್ಣೆ ಹಾಕಿದ್ದರು. ಕೊಬ್ಬು ಬೇಡ ಅನ್ನುವವರು ನಮ್ಮಲ್ಲಿ ಬಹಳ ಜನ. ಅವರಿಗೆ ಈ ಬದಲಾವಣೆ ಒಳ್ಳೆಯದೇ. ತಾಳೆ ಎಣ್ಣೆಯಿಂದ ಬರುವ ಸ್ಟಿಯರಿಕ್ ಆಸಿಡ್ಡಿನಿಂದಲೂ ಬಹಳ ಒಳ್ಳೆ ಸೋಪು ಮಾಡಬಹುದು. ಇವರು ಹಾಗೆ ಮಾಡಲಿಲ್ಲ, ಅದೇ ನನ್ನ ದೂರು. ಅಂದ ಹಾಗೆ, ಇಲ್ಲಿ ಮಾರುವ ಹಲವು ಸೋಪುಗಳ ಮೇಲೆ ಹಸಿರು ಅಥವಾ ಕಂದು ಚುಕ್ಕಿ ಇರುತ್ತದೆ. ಹೊರಗಿನಿಂದ ತಂದದ್ದರ ಮೇಲೆ ಅದನ್ನು ನಂಬಿ ಕೂರಬೇಡಿ. ಸೋಡಿಯಂ ಟ್ಯಾಲೋವೇಟ್ ಎಂಬ ಹೆಸರು ಕಂಡರೆ ಅದು ಪ್ರಾಣಿ ಕೊಬ್ಬು ಎಂದು ತಿಳಿಯಿರಿ.

ಬ್ರಷ್ ಬೇಡದ ಕ್ರೀಮು, ಒತ್ತಿದರೆ ನೊರೆ ಬರುವ ಕ್ಯಾನು, ಇವುಗಳ ಬಗ್ಗೆ ಬರೆಯುವುದಿಲ್ಲ. ಅವು ಬೇರೆಯೇ ವಸ್ತುಗಳು.

ಇಷ್ಟಾಗಿ ಬೇಸತ್ತಿದ್ದಾಗ ಊರಿಗೆ ಹೋಗಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆ. ಅಪ್ಪ ಬೆಳಿಗ್ಗೆ ಹಿತ್ತಲ ಕಟ್ಟೆ ಮೇಲೆ ಕೂತು ಗಡ್ಡ ತೆಗೆಯುತ್ತಿದ್ದರು. ಬಟ್ಟಲಿನಲ್ಲಿದ್ದದ್ದು ಬೆಂಗಳೂರಿನಲ್ಲಿ ನಾನು ಬದಿಗಿಟ್ಟಿದ್ದ ಅದೇ ಅಗ್ಗದ ದುಂಡು ಸೋಪು. ಅದೇ ಹೆಸರು, ಅದೇ ಕಾಗದ. ಮುಖದ ಮೇಲಿನ ನೊರೆ ಮಾತ್ರ ಬೆಣ್ಣೆ.

“ಅಪ್ಪ, ನನಗೆ ಈ ಸೋಪು ನೊರೆನೇ ಬರಲ್ಲ.”

ಅಪ್ಪ ಏನೂ ಹೇಳಲಿಲ್ಲ. ಒಳಗಿನಿಂದ ಅಮ್ಮ ಹೇಳಿದರು. “ನಿಮ್ಮನೇಲಿ ತೊಗರಿಬೇಳೆನೇ ಬೇಯಲ್ಲ. ಆ ನೀರಲ್ಲಿ ಸೋಪು ನೊರೆ ಬರತ್ತಾ?”

ನಾಲ್ಕು ವರ್ಷ ನಾನು ನೀರಿನ ಕಡೆ ನೋಡಿಯೇ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿಯ ಬಾಯಿಗೆ ಬಿಳಿ ಪೊರೆ, ಗೀಸರ್ ಕಾಯಿಲಿಗೆ ಸುಣ್ಣದ ಕವಚ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಬಿಳಿ ಗಸಿಯಾಗುತ್ತವೆ. ಹಾಗೆ ಗಸಿಯಾದ ಸೋಪು ನೊರೆಯೂ ಕೊಡುವುದಿಲ್ಲ, ಜಾರೂ ಕೊಡುವುದಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಎನ್ನುತ್ತದೆ. ಬೇರೆ ನೀರು ಇಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಅಂದರೆ ಕುಡಿಯಲು ಒಪ್ಪಿದ ನೀರು ಕೂಡ ಸೋಪಿಗೆ ಆಗದೆ ಇರಬಹುದು. ಊರಿನ ಬಾವಿ ನೀರು ಮಳೆ ನೀರಿನಷ್ಟೇ ಮೆತ್ತಗೆ.

ಬೆಂಗಳೂರಿಗೆ ಬಂದು ಏಳನ್ನೂ ಮತ್ತೆ ಕೆಳಗಿಳಿಸಿದೆ. ಒಂದೊಂದಕ್ಕೂ ಹದಿನೈದು ದಿನ. ಈ ಸಲ ಆರ್‌ಒ ನೀರು, ಅಂದರೆ ಗಡಸುತನ ತೆಗೆಯುವ ಫಿಲ್ಟರಿನ ನೀರು. ಕೆಟಲ್‌ನಲ್ಲಿ ಬಿಸಿ ಮಾಡಿ ಒಂದು ಚೊಂಬು, ಬ್ರಷ್ ನೆನೆಸಲಿಕ್ಕೂ ಅದೇ, ಮುಖಕ್ಕೂ ಅದೇ. ಬೋರ್ ನೀರನ್ನೇ ಕುದಿಸಿಯೂ ನೋಡಿದೆ. ಗಡಸುತನದ ಒಂದು ಪಾಲು ಮಾತ್ರ ಕುದಿಸಿದರೆ ಹೋಗುತ್ತದೆ, ನಮ್ಮ ನೀರಿಗೆ ಅದು ಸಾಲಲಿಲ್ಲ. ನಿಂಬೆ ರಸ ಕೂಡ ಹಾಕಿದೆ. ಒಂದೆರಡು ಹನಿ ಪರವಾಗಿಲ್ಲ, ಸ್ವಲ್ಪ ಜಾಸ್ತಿಯಾದರೆ ಹುಳಿಗೆ ಸೋಪೇ ಒಡೆಯುತ್ತದೆ.

ದುಂಡು ಸೋಪು ಗೆದ್ದಿತು. ಪೂರ್ತಿ ಗೆದ್ದಿತು. ಇಷ್ಟು ದಿನ ಆ ಸೋಪಿನ ಮೇಲೆ ಅನ್ಯಾಯದ ಆರೋಪ ಹೊರಿಸಿದ್ದೆ. ಹಾಗೆಯೇ ಬದಿಗಿಟ್ಟಿದ್ದ ಏಳನೆಯದು, ಇನ್ನೊಬ್ಬರು ಕೈಯಲ್ಲಿ ಮಾಡಿದ್ದ, ಸ್ಟಿಯರಿಕ್ ಆಸಿಡ್ ಮತ್ತು ಎರಡೂ ಕ್ಷಾರ ಇದ್ದ ಸೋಪು ಕೂಡ ಗೆದ್ದಿತು. ಮೂರನೇ ಸುತ್ತಿಗೂ ಜಾರು ಉಳಿದಿತ್ತು, ಪಟಿಕ ಉರಿಯಲಿಲ್ಲ. ಆದರೆ ಆಡಿನ ಹಾಲಿನ ಸೋಪಿನ ಗುಳ್ಳೆ ಇನ್ನೂ ದೊಡ್ಡದಾಯಿತು, ಅಷ್ಟೇ ಬೇಗ ಇಳಿಯಿತು. ಮೆಂಥಾಲ್, ಗಂಧದ ಕ್ರೀಮುಗಳಲ್ಲಿ ಏನೇನೂ ವ್ಯತ್ಯಾಸ ಇಲ್ಲ. ಗಿಡಮೂಲಿಕೆಯದರ ಅಂಟು ಸ್ವಲ್ಪ ಕಡಿಮೆಯಾಯಿತು, ಜಾರು ಬರಲಿಲ್ಲ. ಮರದ ಬಟ್ಟಲಿನದು ಸುಧಾರಿಸಿತು. ಆದರೂ ಶೇವ್ ಮುಗಿದ ಮೇಲೆ ಮುಖ ಬಿಗಿಯುತ್ತಿತ್ತು. ಕೆಲವೇ ರೂಪಾಯಿಯ ದುಂಡು ಸೋಪು ಮಾಡಿದ ಕೆಲಸವನ್ನು ಎರಡು ಸಾವಿರದ್ದು ಮಾಡದಿದ್ದರೆ ಅದನ್ನು ಹೇಗೆ ಒಪ್ಪುವುದು?

ನಮ್ಮ ಬೀದಿಯ ಸಲೂನಿನವರಿಂದ ಕಲಿತದ್ದೂ ಒಂದಿದೆ. ಅವರು ಬೋರ್ ನೀರಿನಲ್ಲೇ, ಸಾದಾ ಕ್ರೀಮಿನಲ್ಲೇ ಒಳ್ಳೆ ನೊರೆ ತೆಗೆಯುತ್ತಾರೆ. ಕೇಳಿದ್ದಕ್ಕೆ “ನೀರು ಒಂದೇ ಸಲ ಕೊಡಬಾರದು ಸಾರ್, ಅದು ಕೇಳ್ತಾ ಹೋಗುತ್ತೆ, ನಾವು ಕೊಡ್ತಾ ಹೋಗ್ಬೇಕು” ಎಂದರು. ಮೊದಲು ಗಟ್ಟಿ ಪೇಸ್ಟು, ಆಮೇಲೆ ಹನಿ ಹನಿ ನೀರು, ನೊರೆ ಹೊಳೆಯುವವರೆಗೆ. ಹೊಳಪು ಇಲ್ಲದ ನೊರೆ ಎಷ್ಟು ಎತ್ತರ ಇದ್ದರೂ ಒಣ ನೊರೆಯೇ. ಬ್ರಷ್ ಹಿಡಿಯುವ ಮುಂಚೆ ಎರಡು ಮೂರು ನಿಮಿಷ ಗಡ್ಡ ಒದ್ದೆ ಇರಲಿ. ಸ್ನಾನ ಆದ ಮೇಲೆ ಶೇವ್ ಮಾಡಿದರೆ ಆ ಕೆಲಸ ತಾನಾಗಿ ಆಗುತ್ತದೆ.

ನಿಮ್ಮ ಸೋಪಿನ ಮೇಲೆ ಸಿಟ್ಟು ಬಂದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ಬಾಟಲಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಆರ್‌ಒ ನೀರು, ಅರ್ಧರ್ಧ. ಎರಡಕ್ಕೂ ಕಡಲೆಕಾಳಿನಷ್ಟು ಅದೇ ಸೋಪು ಹಾಕಿ ಚೆನ್ನಾಗಿ ಕುಲುಕಿ. ನಲ್ಲಿ ನೀರು ಹಾಲಿನಂತೆ ಕದಡಿ ನೊರೆ ನಿಲ್ಲದಿದ್ದರೆ ತಪ್ಪು ನೀರಿನದು. ಎರಡರಲ್ಲೂ ನಿಲ್ಲದಿದ್ದರೆ ಸೋಪನ್ನು ಬದಲಿಸಿ. ಟಿಡಿಎಸ್ ಪೆನ್ನು ಇದಕ್ಕೆ ಸಾಲದು. ಅದು ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುತ್ತದೆ, ಗಡಸುತನವನ್ನೇ ಬೇರೆಯಾಗಿ ತೋರಿಸುವುದಿಲ್ಲ. ಆರ್‌ಒ ಇಲ್ಲದವರು ಪಟ್ಟಿಯಲ್ಲಿ ಟೆಟ್ರಾಸೋಡಿಯಂ ಇಡಿಟಿಎ ಇರುವ ಸೋಪು ನೋಡಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಡಸು ನೀರಿನಲ್ಲೂ ಸ್ವಲ್ಪ ಮಟ್ಟಿಗೆ ನೊರೆ ಉಳಿಯುತ್ತದೆ.

ಏಳರ ಹೊರಗೆ ಉಳಿದ ಎರಡರಲ್ಲಿ ಒಂದು ಇಟಲಿಯ ಪ್ರೊರಾಸೊ ಹಸಿರು ಕ್ರೀಮ್. ನೀಲಗಿರಿ ಎಣ್ಣೆ, ಮೆಂಥಾಲ್ ಎರಡೂ ಇವೆ, ಆದರೂ ಪಟಿಕ ಉರಿಯುವುದಿಲ್ಲ. ಪಟ್ಟಿಯಲ್ಲಿ ನೀರಿನ ನಂತರ ಬರುವುದೇ ಸ್ಟಿಯರಿಕ್ ಆಸಿಡ್. ಬೆಲೆ ನಮ್ಮ ಅಂಗಡಿ ಕ್ರೀಮುಗಳಿಗಿಂತ ಬಹಳ ಜಾಸ್ತಿ. ಆದರೆ ಒಂದು ಸಲಕ್ಕೆ ಸ್ವಲ್ಪವೇ ಸಾಕು. ವಾರಕ್ಕೆ ನಾಲ್ಕು ಸಲದ ಲೆಕ್ಕದಲ್ಲಿ ನನಗೆ ಒಂದು ಟ್ಯೂಬು ಏಳು ತಿಂಗಳು ಬಂತು. ಇನ್ನೊಂದು ಕಡ್ಡಿಯಂತೆ ಇರುವ ಸೋಪು, ಗಡ್ಡಕ್ಕೇ ಉಜ್ಜಿ ಮುಖದ ಮೇಲೆ ಬ್ರಷ್ ಆಡಿಸುವುದು. ಪ್ರಯಾಣಕ್ಕೆ ಅದೇ ಹೋಗುತ್ತದೆ.

ದಿನಬಳಕೆಗೆ ಮಾತ್ರ ಈಗ ಅಪ್ಪನ ದುಂಡು ಸೋಪು, ಆರ್‌ಒ ನೀರು. ಆಡಿನ ಹಾಲಿನ ಸೋಪನ್ನು ಕೈ ತೊಳೆಯಲು ಸಿಂಕಿನ ಹತ್ತಿರ ಇಟ್ಟಿದ್ದೇನೆ. ಆ ಕೆಲಸಕ್ಕೆ ಅದು ನಿಜಕ್ಕೂ ಚೆನ್ನಾಗಿದೆ.