ಅಪ್ಪನ ಜೊತೆ ಮುಂಬೈ ತಾಜ್‌ನಲ್ಲಿ ಒಂದು ರಾತ್ರಿ

ಅಪ್ಪ ಸಾಗರದಲ್ಲಿ ನಲವತ್ತು ವರ್ಷ ಗಾರೆ ಮೇಸ್ತ್ರಿ ಆಗಿದ್ದವರು. ಮುಂಬೈಗೆ ಬಂದಾಗ ಅವರನ್ನು ಅಪೋಲೊ ಬಂದರಿನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿಗೆ ಕರೆದುಕೊಂಡು ಹೋದೆ. ಬಾಡಿಗೆ ಜಾಸ್ತಿ, ನಿಜ. ಆರು ತಿಂಗಳು ದುಡ್ಡು ಕೂಡಿಟ್ಟಿದ್ದೆ. ಬುಕ್ ಮಾಡುವವರು ಹಳೇ ಕಟ್ಟಡದಲ್ಲೇ ರೂಮ್ ಕೇಳಿ. ಪಕ್ಕದ ಟವರ್ 1973ರದ್ದು. ಗುಮ್ಮಟ ಇರೋದು 1903ರ ಕಟ್ಟಡಕ್ಕೆ.

ಗುಮ್ಮಟದ ಕೆಳಗಿನ ದೊಡ್ಡ ಮೆಟ್ಟಿಲು ಕಂಡದ್ದೇ ತಡ, ಅಪ್ಪ ಅಲ್ಲೇ ನಿಂತುಬಿಟ್ಟರು. ಕೆಳಗೆ ಕಂಬವೇ ಇಲ್ಲ. ಒಂದು ಬದಿಯನ್ನು ಗೋಡೆ ಹಿಡಿದಿದೆ, ಇನ್ನೊಂದು ಬದಿ ಗಾಳಿಯಲ್ಲಿದೆ.

"ಇದನ್ನ ಕಟ್ಟಿದೋರು ಯಾರೇ?"

"ಜಮ್‌ಶೇಟ್‌ಜಿ ಟಾಟಾ ಅಪ್ಪ."

"ಅವರು ಕಟ್ಟಿಸಿದೋರು. ಕಟ್ಟಿದೋರು ಯಾರು?"

ತಂಗುವವರಿಗೆ ಹೋಟೆಲಿನವರೇ ಕಟ್ಟಡ ಸುತ್ತಿಸಿ ಕಥೆ ಹೇಳುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ. ನಕ್ಷೆ ಶುರು ಮಾಡಿದ್ದು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕೆಲಸ ಮುಗಿಯುವ ಮೊದಲೇ ವೈದ್ಯರು ತೀರಿಕೊಂಡರು. ಪೂರ್ತಿ ಮಾಡಿದ್ದು ಇಂಗ್ಲೆಂಡಿನ ಡಬ್ಲ್ಯು. ಎ. ಚೇಂಬರ್ಸ್. ಕಟ್ಟಿದವರು ಖಾನ್‌ಸಾಹೇಬ್ ಸೊರಾಬ್ಜಿ ರತ್ತನ್‌ಜಿ. ಈ ಮೆಟ್ಟಿಲೂ ಅವರ ಕೈಚಳಕವೇ. ಅಪ್ಪ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಕಟ್ಟಡ ಸಮುದ್ರಕ್ಕೆ ಬೆನ್ನು ಹಾಕಿ ಹಿಂದುಮುಂದಾಗಿ ಎದ್ದಿತು, ಅದನ್ನು ಕಂಡು ನಕ್ಷೆ ಮಾಡಿದವನು ಪ್ರಾಣ ಕಳೆದುಕೊಂಡ ಅನ್ನೋ ಕಥೆ ನೀವೂ ಕೇಳಿರುತ್ತೀರಿ. ಅದು ಸುಳ್ಳು. ಆಗ ಜನ ಕುದುರೆ ಗಾಡಿಯಲ್ಲಿ ಊರ ಕಡೆಯಿಂದ ಬರುತ್ತಿದ್ದರು. ಅದಕ್ಕೇ ಹೆಬ್ಬಾಗಿಲನ್ನು ಬೇಕಂತಲೇ ಆ ಕಡೆ ಇಟ್ಟರು. ಈಗ ಅಲ್ಲಿ ಈಜುಕೊಳ ಇದೆ. ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಹೋಟೆಲ್ ಶುರುವಾದಾಗ ಅದು ಇರಲೇ ಇಲ್ಲ! ಮೊದಲ ಮಹಾಯುದ್ಧದಲ್ಲಿ ಇದೇ ಕಟ್ಟಡ 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು.

2008ರ ನವೆಂಬರ್ ದಾಳಿಯಲ್ಲಿ ಇಲ್ಲಿ ಸತ್ತ 31 ಜನರ ಹೆಸರು ಕೆತ್ತಿದ ಸ್ಮಾರಕ ಒಳಗಿದೆ. ಅಪ್ಪ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತರು. ನಾನೂ ಬಿಟ್ಟೆ. ಬೆಂಕಿಗೆ ಸಿಕ್ಕ ಹಳೇ ಕಟ್ಟಡವನ್ನು ರಿಪೇರಿ ಮಾಡಿ ಮತ್ತೆ ತೆರೆದದ್ದು 2010ರ ಆಗಸ್ಟ್ 15ಕ್ಕೆ. ಸುಟ್ಟ ಗುರುತನ್ನು ಅಪ್ಪ ಬಹಳ ಹುಡುಕಿದರು. ಅವರ ಕಣ್ಣಿಗೂ ಸಿಗಲಿಲ್ಲ.

ತಂಗೋದು ಆಗದಿದ್ದರೆ ಮೊದಲ ಮಹಡಿಯ ಸೀ ಲೌಂಜ್‌ಗೆ ಟೀ ಕುಡಿಯಲಾದರೂ ಹೋಗಿ. ಕಿಟಕಿ ಪಕ್ಕದ ಟೇಬಲ್ ಕೇಳಿ. ಗೇಟ್‌ವೇ, ದೋಣಿಗಳು, ಸಮುದ್ರ ಎಲ್ಲಾ ಕಾಣುತ್ತೆ. ಅಪ್ಪ ಮಾತ್ರ ಟೀ ಮುಗಿಸಿ ಮತ್ತೆ ಮೆಟ್ಟಿಲ ಹತ್ತಿರ ಹೋದರು.