ಒಂದೇ ಬಯಲು, ನಾಲ್ಕು ಎತ್ತರ

ಹಗ್ಗ ಕಟ್ಟಿದ ಬಲೂನಿಗೆ ಕ್ಯಾಮೆರಾ ಹೊತ್ತುಕೊಂಡು ಹತ್ತಬೇಡಿ. ಉಳಿದ ವಿಷಯಗಳ ಬಗ್ಗೆ ಆಮೇಲೆ ಜಗ್ಗಾಡೋಣ, ಇದೊಂದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಏಕೆಂದರೆ ಆ ವಾರಾಂತ್ಯದಲ್ಲಿ ನನ್ನ ಸಮಯ ದಂಡವಾದದ್ದು ಅಲ್ಲಿ ಮಾತ್ರ.

ಶನಿವಾರ ಮತ್ತು ಭಾನುವಾರ ಒಂದೇ ಬಯಲಿನ ಮೇಲೆ ನಾಲ್ಕು ಬಗೆಯಲ್ಲಿ ಕ್ಯಾಮೆರಾವನ್ನು ಮೇಲಕ್ಕೇರಿಸಿದೆ: ಗಾಳಿಯೊಡನೆ ತೇಲಿಹೋಗುವ ಬಿಸಿಗಾಳಿ ಬಲೂನು, ನೆಲಕ್ಕೆ ಹಗ್ಗ ಬಿಗಿದ ಬಲೂನು, ಅಂಗೈಯಗಲದ ಡ್ರೋನು ಮತ್ತು ಗಾಳಿಪಟ. ಕೊನೆಯದು ಲೆಕ್ಕದಲ್ಲೇ ಇರಲಿಲ್ಲ. ಶನಿವಾರ ಮಧ್ಯಾಹ್ನ ಎದ್ದ ಗಾಳಿ ಅದನ್ನು ಪಟ್ಟಿಗೆ ಸೇರಿಸಿತು. ಅಳತೆಗೋಲು ಮಾತ್ರ ಒಂದೇ. ದೊಡ್ಡ ಪರದೆಯಲ್ಲಿ ನೋಡಿದಾಗ ಅಳಿಸಲು ಮನಸ್ಸಾಗದೆ ಉಳಿದ ಚಿತ್ರಗಳು ಯಾವುವು, ಅವು ಎಲ್ಲಿಂದ ತೆಗೆದವು?

ಶನಿವಾರ ನಸುಕಿನಲ್ಲಿ ಮೊದಲ ಹಾರಾಟ. ಪೈಲಟ್ ಗಾಳಿಯ ದಿಕ್ಕು ತಿಳಿಯಲು ಹೀಲಿಯಂ ತುಂಬಿದ ಪುಟ್ಟ ಬಲೂನೊಂದನ್ನು ಬಿಟ್ಟು, ಅದು ಕಣ್ಮರೆಯಾಗುವವರೆಗೂ ಕತ್ತೆತ್ತಿ ನಿಂತ. ಅದು ಮೊದಲು ನೇರಕ್ಕೆ ಹೋಯಿತು, ಆಮೇಲೆ ಬಲಕ್ಕೆ ತಿರುಗಿತು. ಬಿಸಿಗಾಳಿ ಬಲೂನಿಗೆ ಚುಕ್ಕಾಣಿಯಿಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ. ಬೇಕಾದ ದಿಕ್ಕಿನ ಗಾಳಿ ಯಾವ ಎತ್ತರದಲ್ಲಿದೆಯೋ ಅಲ್ಲಿಗೆ ಏರುವುದು ಇಲ್ಲವೇ ಇಳಿಯುವುದು, ಅಷ್ಟೇ ಪೈಲಟ್‌ನ ಕೈಯಲ್ಲಿರುವುದು. ಅದೂ ಕೂಡಲೇ ಆಗುವಂಥದಲ್ಲ. ಬರ್ನರ್ ಉರಿಸಿದ ಮೇಲೆ ಹಲವು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ನಿಧಾನಕ್ಕೆ ಬುಟ್ಟಿ ಮೇಲೇಳುತ್ತದೆ. ಚೀಲದೊಳಗಿನ ಗಾಳಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದಾಗಲೂ ಒಂದು ಘನ ಮೀಟರ್ ಗಾಳಿ ಎತ್ತಬಲ್ಲದ್ದು ಕಾಲು ಕಿಲೋಗಿಂತ ತುಸು ಹೆಚ್ಚು ಮಾತ್ರ. ನಾಲ್ಕೈದು ಜನರನ್ನು ಎತ್ತಲು ಮೂರು ಸಾವಿರ ಘನ ಮೀಟರಿನಷ್ಟು ದೊಡ್ಡ ಚೀಲ ಬೇಕಾಗುವುದು ಇದಕ್ಕೇ. ಅಷ್ಟು ಗಾಳಿಗೆ ಆತುರವೆಂಬುದಿಲ್ಲ.

ಛಾಯಾಗ್ರಾಹಕನಿಗೆ ಇದರ ಅರ್ಥ ಇಷ್ಟು: ದೂರದ ತೊರೆಯ ತಿರುವೊಂದನ್ನು ನೋಡಿ ‘ಅದರ ಮೇಲೆ ಹೋಗೋಣ’ ಎಂದು ನೀವು ಹೇಳುವಂತಿಲ್ಲ. ಹೇಳಬಹುದು, ಪೈಲಟ್ ನಗುತ್ತಾನೆ.

ನೆಲದಲ್ಲಿ ಕೂತು ಊಹಿಸಿದ್ದಕ್ಕೂ ಮೇಲೆ ಅನುಭವಕ್ಕೆ ಬಂದದ್ದಕ್ಕೂ ದೊಡ್ಡ ಅಂತರವಿದ್ದದ್ದು ಗಾಳಿಯ ವಿಷಯದಲ್ಲಿ. ಬುಟ್ಟಿಯಲ್ಲಿ ಗಾಳಿಯೇ ಇಲ್ಲ. ಗಾಳಿಯ ವೇಗದಲ್ಲೇ ತೇಲುವುದರಿಂದ ತಲೆಗೂದಲೂ ಅಲುಗುವುದಿಲ್ಲ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಸಾಗುವಾಗ, ಶಟರ್ ತೆರೆದಿರುವ 1/500 ಸೆಕೆಂಡಿನಲ್ಲಿ ನೆಲ ಸರಿಯುವುದು ಏಳು ಮಿಲಿಮೀಟರಿಗಿಂತ ಕಡಿಮೆ; ಚಿತ್ರ ಮಸುಕಾದರೆ ತಪ್ಪು ಬಲೂನಿನದಲ್ಲ, ನಿಮ್ಮ ಕೈಯದು. ನಾನು 1/1000ಕ್ಕೆ ಇಟ್ಟುಕೊಂಡಿದ್ದೆ. ಕಾರಣ ವೇಗವಲ್ಲ, ಪಕ್ಕದವರು. ಬುಟ್ಟಿಯಲ್ಲಿ ಒಬ್ಬರು ಕಾಲು ಬದಲಿಸಿದರೂ ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲ ದಿನದ ತಪ್ಪು ಲೆನ್ಸಿನದು. ಎತ್ತರದಿಂದ ತೆಗೆಯುವುದಲ್ಲವೇ ಎಂದು ದೂರದ್ದನ್ನು ಹತ್ತಿರಕ್ಕೆಳೆಯುವ 70-200 ಮಿಲಿಮೀಟರಿನ ಜೂಮ್ ಒಂದನ್ನೇ ಒಯ್ದಿದ್ದೆ. ಕೆಳಗಿನ ಉಳುಮೆಯ ಗೆರೆಗಳನ್ನು, ಮರದ ಒಂಟಿ ನೆರಳನ್ನು ಕತ್ತರಿಸಿ ತೆಗೆಯಲು ಅದು ಚೆನ್ನಾಗಿಯೇ ಇತ್ತು. ಆದರೆ ದಿಗಂತದ ಕಡೆ ತಿರುಗಿಸಿದರೆ ಬೆಳಗಿನ ತೇವದ ಗಾಳಿಯ ಕಿಲೋಮೀಟರುಗಟ್ಟಲೆ ಪದರ ಅಡ್ಡ ಬರುತ್ತಿತ್ತು, ಎಲ್ಲವೂ ಹಾಲು ಚೆಲ್ಲಿದಂತೆ. ಪಕ್ಕದಲ್ಲೇ ತೇಲಿಬಂದ ಇನ್ನೊಂದು ಬಲೂನಿನ ಅರ್ಧವೂ ಚೌಕಟ್ಟಿನಲ್ಲಿ ಹಿಡಿಯಲಿಲ್ಲ. ಭಾನುವಾರ ಅಗಲದ ನೋಟವನ್ನೂ ಹಿಡಿಯುವ 24-105 ಒಯ್ದೆ. ಬುಟ್ಟಿಗೆ ಒಂದೇ ಲೆನ್ಸ್ ಎಂದಾದರೆ ಅದೇ ಸಾಕು. ಮೇಲೆ ನಿಂತು ಲೆನ್ಸ್ ಬದಲಿಸುವ ಮಾತೇ ಬೇಡ, ಮುಚ್ಚಳ ಬಿದ್ದರೆ ಕೆಳಗಿರುವವರ ತಲೆಯ ಮೇಲೆ. ಮಂಜನ್ನು ಕಡಿಮೆ ಮಾಡಲೆಂದು ಒಯ್ದ ಪೋಲರೈಸರ್ ಫಿಲ್ಟರ್ ಕೂಡ ಕೈಕೊಟ್ಟಿತು. ಅದು ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಬಲೂನು ನಿಧಾನಕ್ಕೆ ತಿರುಗುತ್ತಲೇ ಇರುತ್ತದೆ. ಫಿಲ್ಟರನ್ನು ಹೊಂದಿಸುವಷ್ಟರಲ್ಲಿ ಸೂರ್ಯ ಬೆನ್ನ ಹಿಂದೆ ಹೋಗಿರುತ್ತಾನೆ.

ಬರ್ನರ್ ಉರಿಯುವಾಗ ಚಿತ್ರ ತೆಗೆಯುವುದನ್ನು ಬೇಗ ಬಿಟ್ಟೆ. ನೆತ್ತಿ ಸುಡುತ್ತದೆ, ಸದ್ದಿಗೆ ಯೋಚನೆಯೇ ನಿಲ್ಲುತ್ತದೆ. ಉರಿ ಆರಿದ ಮೇಲಿನ ಆ ನಿಶ್ಶಬ್ದವೇ ಕೆಲಸದ ಹೊತ್ತು. ಇನ್ನೂರು ಮೀಟರ್ ಕೆಳಗೆ ನಾಯಿ ಬೊಗಳಿದ್ದು ಕಿವಿಯ ಪಕ್ಕದಲ್ಲೇ ಎಂಬಂತೆ ಕೇಳುತ್ತದೆ. ದನಗಳು ಮೇಯುತ್ತಿದ್ದ ಕಡೆ ಪೈಲಟ್ ಬೇರೊಂದು ಹಿಡಿಕೆ ಎಳೆದ. ನೀಲಿ ಉರಿಯ ಬದಲು ಹಳದಿ ಉರಿ ಸೋಮಾರಿಯಾಗಿ ಮೇಲೆದ್ದಿತು, ಸದ್ದು ಅರ್ಧಕ್ಕಿಳಿಯಿತು. ದನಗಳು ಬೆದರದಿರಲೆಂದೇ ಇಟ್ಟಿರುವ ಎರಡನೆಯ ಬರ್ನರ್ ಅದು. ಒಂದು ಹಸು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಆ ಚಿತ್ರ ನನ್ನ ಬಳಿ ಇದೆ.

ಮಧ್ಯಾಹ್ನದ ಹೊತ್ತಿಗೆ ಬಲೂನುಗಳೆಲ್ಲ ಚೀಲ ಸೇರಿದ್ದವು. ನೆಲ ಕಾದು ಬಿಸಿಗಾಳಿಯ ಬುಗ್ಗೆಗಳು ಏಳತೊಡಗಿದರೆ ಬಲೂನು ಪೈಲಟ್‌ನ ಮಾತು ಕೇಳುವುದಿಲ್ಲ. ಆದ್ದರಿಂದಲೇ ಹಾರಾಟವೆಲ್ಲ ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮೊದಲಿನ ಎರಡು ತಾಸುಗಳ ಒಳಗೆ. ಡ್ರೋನ್ ಎತ್ತಿದೆ. ಇನ್ನೂರೈವತ್ತು ಗ್ರಾಂ ತೂಗದ ಜೀವ ಅದು, ಬೀಸುಗಾಳಿಗೆ ಎದುರು ನಿಂತು ತೂಗಾಡಿತು, ಪರದೆಯ ಮೇಲೆ ಎಚ್ಚರಿಕೆಯ ಸಾಲು ಮಿನುಗಿತು, ಬ್ಯಾಟರಿ ಕಣ್ಣೆದುರಿಗೇ ಇಳಿಯಿತು. ಇಳಿಸಿದೆ. ಆಗ ಜೊತೆಗಿದ್ದ ಹಿರಿಯರೊಬ್ಬರು ತಮ್ಮ ವಾಹನದಿಂದ ಎರಡೂವರೆ ಮೀಟರ್ ಅಗಲದ ತ್ರಿಕೋನ ಗಾಳಿಪಟ ಹೊರತೆಗೆದರು.

ಗಾಳಿಪಟದಿಂದ ಚಿತ್ರ ತೆಗೆಯುವುದು ಮಕ್ಕಳಾಟವೆಂದು ನಾನು ಒಳಗೊಳಗೇ ನಕ್ಕಿದ್ದೆ. ಫ್ರಾನ್ಸಿನ ಆರ್ಥರ್ ಬಾತು 1888ರಲ್ಲೇ ಇದನ್ನು ಮಾಡಿದ್ದ. 1906ರಲ್ಲಿ ಭೂಕಂಪದಿಂದ ನೆಲಸಮವಾದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಜಾರ್ಜ್ ಲಾರೆನ್ಸ್ ಸುಮಾರು 2000 ಅಡಿ ಎತ್ತರದಿಂದ ಸೆರೆಹಿಡಿದದ್ದು ಸಾಲುಗಟ್ಟಿದ ಗಾಳಿಪಟಗಳಿಗೆ ಇಪ್ಪತ್ತು ಕಿಲೋಗಿಂತ ಭಾರದ ಕ್ಯಾಮೆರಾ ತೂಗುಹಾಕಿ. ನಮ್ಮದು ಅಂಥದ್ದೇನಲ್ಲ. ಪಟ ಮೇಲೇರಿ ನಿಂತ ಮೇಲೆ ಅದರಿಂದ ಸುಮಾರು ಇಪ್ಪತ್ತು ಮೀಟರ್ ಕೆಳಗೆ ದಾರಕ್ಕೆ ಒಂದು ಮರದ ಶಿಲುಬೆ ಕಟ್ಟಿದೆವು. ಅದರ ನಾಲ್ಕು ತುದಿಗಳ ಪುಟ್ಟ ರಾಟೆಗಳಲ್ಲಿ ಒಂದೇ ನೂಲು ಓಡಾಡುತ್ತದೆ. ದಾರ ಎಷ್ಟೇ ಓರೆಯಾದರೂ ಶಿಲುಬೆ ತಾನೇ ಸಮತಟ್ಟಿಗೆ ಬರುತ್ತದೆ. ಅದಕ್ಕೆ ಮೂರು ಸೆಕೆಂಡಿಗೊಂದು ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ.

ಡ್ರೋನನ್ನು ಓಡಿಸಿದ ಗಾಳಿಯೇ ಇದಕ್ಕೆ ಆಹಾರ. ಬ್ಯಾಟರಿಯ ಚಿಂತೆಯಿಲ್ಲ, ರೆಕ್ಕೆಯ ಗುಂಯ್‌ಗುಡುವಿಕೆಯಿಲ್ಲ. ಕೈಗವಸು ಮಾತ್ರ ಮರೆಯಬಾರದು. ನಾನು ಮರೆತೆ, ಬಲಗೈಯ ತೋರುಬೆರಳಿನ ಗೆರೆ ಇನ್ನೂ ಇದೆ. ನಲವತ್ತು ನಿಮಿಷದಲ್ಲಿ ಎಂಟುನೂರು ಚಿತ್ರ. ಎಂಟುನೂರರಲ್ಲಿ ಉಳಿಸಿಕೊಂಡದ್ದು ಐದು. ಉಳಿದವು ಓರೆ ದಿಗಂತಗಳು, ದಾರದ ತುಂಡುಗಳು, ಬರೀ ಆಕಾಶ. ಆ ಐದರಲ್ಲೂ ಒಂದಿದೆ: ಎತ್ತರದ ಹುಲ್ಲಿನ ಮೇಲೆ ಗಾಳಿ ಅಲೆಯಾಗಿ ಹಾದುಹೋಗುತ್ತಿದೆ, ಅಂಚಿನಲ್ಲಿ ನಾವಿಬ್ಬರು ಕಡ್ಡಿಗಳಂತೆ ದಾರ ಹಿಡಿದು ಹಿಂದಕ್ಕೆ ವಾಲಿದ್ದೇವೆ. ಗಾಳಿಯೇ ಕಾಣುವ ಚಿತ್ರ. ನಿಶ್ಚಲ ಗಾಳಿ ಬೇಡುವ ಬಲೂನಿಗೆ ಇದು ಯಾವತ್ತೂ ಸಿಗುವುದಿಲ್ಲ.

ಸಂಜೆಯ ಹಾರಾಟ ರದ್ದಾಯಿತು. ಸೂರ್ಯ ಮುಳುಗುವ ಹೊತ್ತಿಗೆ ಗಾಳಿ ಬಿದ್ದುಹೋಯಿತು, ಆದರೆ ಆಗ ಹಾರಿದರೆ ಇಳಿಯುವಷ್ಟರಲ್ಲಿ ಕತ್ತಲು. ಸಮಾಧಾನಕ್ಕೆಂದು ಬಲೂನೊಂದನ್ನು ಮೂರು ಹಗ್ಗಗಳಿಂದ ವಾಹನಗಳಿಗೆ ಕಟ್ಟಿ ಮೇಲೇರಿಸಿದರು. ಹಗ್ಗ ಕಟ್ಟಿದರೆ ಗಾಳಿಯ ಕಾಟ ಕಡಿಮೆಯೆಂದು ತೋರುತ್ತದೆ. ನಿಜ ಅದಕ್ಕೆ ತದ್ವಿರುದ್ಧ. ಬಿಟ್ಟ ಬಲೂನು ಗಾಳಿಯೊಡನೆ ಹೋಗಿಬಿಡುತ್ತದೆ, ಕಟ್ಟಿದ್ದು ಹಡಗಿನ ಹಾಯಿಯಂತೆ ಹೊಡೆತ ತಿನ್ನುತ್ತದೆ. ಒಂದು ಸಣ್ಣ ಬೀಸಿಗೆ ಚೀಲದ ಪಕ್ಕೆ ಒಳಗೆ ಕುಸಿಯಿತು, ಬುಟ್ಟಿ ವಾಲಿತು, ಹಗ್ಗ ಕಿರುಗುಟ್ಟಿತು. ಇಪ್ಪತ್ತು ಮೀಟರ್ ಎತ್ತರದಿಂದ ಕಂಡದ್ದು ವಾಹನಗಳ ನೆತ್ತಿ, ಎಲ್ಲ ಚಿತ್ರಗಳಲ್ಲೂ ಅಡ್ಡ ಬಂದ ಹಗ್ಗ. ತೊಂಬತ್ತು ಚಿತ್ರ ತೆಗೆದೆ, ಒಂದೂ ಉಳಿಯಲಿಲ್ಲ.

ಇಷ್ಟು ಬೈದ ಮೇಲೆ ಒಂದು ಮುಜುಗರವನ್ನೂ ಒಪ್ಪಿಕೊಳ್ಳಬೇಕು: ವೈಮಾನಿಕ ಛಾಯಾಗ್ರಹಣ ಹುಟ್ಟಿದ್ದೇ ಹಗ್ಗ ಕಟ್ಟಿದ ಬಲೂನಿನಲ್ಲಿ. 1858ರಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ನಾದಾರ್ ಮೊದಲ ಚಿತ್ರ ತೆಗೆದದ್ದು ಅನಿಲ ತುಂಬಿದ, ನೆಲಕ್ಕೆ ಬಿಗಿದ ಬಲೂನಿನಿಂದ. ಬಲೂನಿನ ಬಾಯಿಂದ ಸೋರಿದ ಅನಿಲ ಚಿತ್ರ ಮೂಡಿಸುವ ಅವನ ಹಸಿ ಗಾಜಿನ ಫಲಕಗಳನ್ನು ಮತ್ತೆ ಮತ್ತೆ ಕೆಡಿಸುತ್ತಿತ್ತು. ಬಾಯಿ ಮುಚ್ಚಿ ಹತ್ತಿದ ಮೇಲಷ್ಟೇ ಚಿತ್ರ ಮೂಡಿತು. ಆ ಚಿತ್ರ ಉಳಿದಿಲ್ಲ. ಉಳಿದಿರುವ ಅತಿ ಹಳೆಯದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ 1860ರಲ್ಲಿ ಬಾಸ್ಟನ್ ನಗರದ ಮೇಲಿನಿಂದ ತೆಗೆದದ್ದು, ಅದೂ ಹಗ್ಗ ಬಿಗಿದ ಬಲೂನಿನಿಂದಲೇ. ಅವರು ಹತ್ತಿದ ಎತ್ತರ ಬೇರೆ, ಅಷ್ಟೇ ನನ್ನ ಸಮರ್ಥನೆ.

ಬುಟ್ಟಿಯಿಂದ ಇಳಿದು ಟ್ರೈಪಾಡ್ ಹೂಡಿದಾಗ ಕಥೆ ತಿರುಗಿತು. ಮುಸ್ಸಂಜೆಯಲ್ಲಿ ಬರ್ನರ್ ಉರಿದಾಗಲೆಲ್ಲ ಇಡೀ ಚೀಲ ಕಂದೀಲಿನಂತೆ ಬೆಳಗುತ್ತದೆ. ಆಕಾಶದ ನೀಲಿಯೂ ಬಟ್ಟೆಯ ಬೆಳಕೂ ಸಮತೂಕಕ್ಕೆ ಬರುವುದು ಕಾಲು ಗಂಟೆಯಷ್ಟು ಹೊತ್ತು ಮಾತ್ರ. ಒಳಗಿದ್ದವರಿಗೆ ಅದು ಕಾಣುವುದೇ ಇಲ್ಲ. ನಾಲ್ಕು ಚಿತ್ರ ಉಳಿದವು.

ಎರಡನೆಯ ಹಾರಾಟ ಭಾನುವಾರ ಬೆಳಿಗ್ಗೆ. ಅದರಲ್ಲಿ ಪೈಲಟ್ ಮರಗಳ ತುದಿಯ ಮಟ್ಟಕ್ಕೆ ಇಳಿದ. ಇಬ್ಬನಿ ಕಟ್ಟಿದ ಹುಲ್ಲಿನ ಮೇಲೆ ನಮ್ಮ ನೆರಳು ಉದ್ದಕ್ಕೆ ಓಡುತ್ತಿತ್ತು. ಬುಟ್ಟಿಯ ನೆರಳಿನಲ್ಲಿ ನನ್ನ ತಲೆ ಇದ್ದ ಜಾಗದ ಸುತ್ತ ಬಿಳಿಯ ಪ್ರಭೆ. ಪಕ್ಕದವರನ್ನು ಕರೆದು ತೋರಿಸಿದೆ. ಅವರು ‘ನನ್ನ ತಲೆಯ ಸುತ್ತ ಇದೆ, ನಿಮ್ಮದಕ್ಕಿಲ್ಲ’ ಎಂದರು. ಇಬ್ಬರದೂ ಸರಿ. ಪ್ರತಿ ಇಬ್ಬನಿಯೂ ಮಸೂರದಂತೆ ಬಿಸಿಲನ್ನು ಎಲೆಯ ಮೇಲೆ ಕೂಡಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹೀಗಾಗಿ ಪ್ರಭೆ ಕಾಣುವುದು ನೋಡುವವರ ನೆರಳಿನ ಸುತ್ತ ಮಾತ್ರ. ಕ್ಯಾಮೆರಾವನ್ನು ಕಣ್ಣಿನಿಂದ ಕೆಳಗಿಳಿಸಿ ಎದೆಯ ಹತ್ತಿರ ಹಿಡಿದು ಒತ್ತಿದೆ. ಚಿತ್ರದಲ್ಲಿ ಪ್ರಭೆಯೂ ತಲೆಯಿಂದ ಎದೆಗೆ ಇಳಿದಿತ್ತು. ಡ್ರೋನಿಗೂ ಇದು ಕಾಣುತ್ತದೆ, ಆದರೆ ನಡುವೆ ಇರಬೇಕಾದ ನೆರಳು ಅದಕ್ಕಿಲ್ಲ.

ಇಳಿಯುವಾಗ ಕ್ಯಾಮೆರಾ ಚೀಲದಲ್ಲಿರಬೇಕು, ಮೊಣಕಾಲು ಬಗ್ಗಿರಬೇಕು, ಎರಡೂ ಕೈ ಹಗ್ಗದ ಹಿಡಿಕೆಯ ಮೇಲಿರಬೇಕು. ನಾನು ಕೊನೆಯದೊಂದು ಚಿತ್ರಕ್ಕೆ ಆಸೆಪಟ್ಟೆ. ಬುಟ್ಟಿ ಎರಡು ಸಲ ನೆಗೆದು ಮಗುಚಿಕೊಂಡಿತು, ಲೆನ್ಸಿನ ಹುಡ್ ಸೀಳಿತು. ಆ ಕೊನೆಯ ಚಿತ್ರದಲ್ಲಿರುವುದು ಯಾರದೋ ಮೊಣಕೈ.

ಬಲೂನುಗಳನ್ನೆಲ್ಲ ಮಡಚಿಟ್ಟ ಮೇಲೆ ಡ್ರೋನಿನ ಸರದಿ. ಮನುಷ್ಯರಿರುವ ಬಲೂನುಗಳ ಹತ್ತಿರ ಅದನ್ನು ಹಾರಿಸುವ ಪ್ರಶ್ನೆಯೇ ಇಲ್ಲ, ಹಲವು ದೇಶಗಳಲ್ಲಿ 120 ಮೀಟರ್ ಎತ್ತರವೇ ಅದರ ಮಿತಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಹೇಳಿದ್ದನ್ನು ಮಾಡುತ್ತದೆ. ತೊರೆಯ ತಿರುವಿನ ಮೇಲೆ ಹೋಗು ಎಂದರೆ ಹೋಯಿತು, ನಿಲ್ಲು ಎಂದರೆ ನಿಂತಿತು. ನೆಟ್ಟಗೆ ಕೆಳಕ್ಕೆ ನೋಡಿದರೆ ಮರಗಳು ದುಂಡನೆಯ ಹಸಿರು ಗುಂಡಿಗಳಂತೆ. ಬಲೂನಿನ ಎರಡು ಹಾರಾಟಗಳಲ್ಲಿ 640 ಚಿತ್ರ ತೆಗೆದು ಉಳಿಸಿದ್ದು 31. ಡ್ರೋನಿನ 140ರಲ್ಲಿ ಉಳಿದದ್ದು 24. ತೆಗೆದದ್ದರಲ್ಲಿ ಎಷ್ಟು ಪಾಲು ಉಳಿಯಿತು ಎಂಬ ಲೆಕ್ಕದಲ್ಲಿ ಡ್ರೋನೇ ಗೆದ್ದಿತು, ಅದೂ ಬೆಳಕು ಏರಿ ನೆರಳುಗಳೆಲ್ಲ ಮೋಟಾದ ಮೇಲೆ ಹಾರಿ.

ಆದರೆ ಆ 24ನ್ನು ನಾನು ಹಾರಿಸುವ ಮುನ್ನವೇ ಮನಸ್ಸಿನಲ್ಲಿ ತೆಗೆದಾಗಿತ್ತು. ತೊರೆಯ ತಿರುವು, ಮರದ ಗುಂಪು, ಕವಲೊಡೆದ ಕಾಲುದಾರಿ. ಪಟ್ಟಿ ಮಾಡಿಕೊಂಡು ಸಂತೆಗೆ ಹೋಗಿ ಬಂದ ಹಾಗೆ. ಬಲೂನಿನ 31ರಲ್ಲಿ ಒಂದನ್ನೂ ನಾನು ಯೋಚಿಸಿರಲಿಲ್ಲ. ತಲೆಯೆತ್ತಿದ ಹಸು, ನೆರಳಿನ ಪ್ರಭೆ, ಮರದ ತುದಿಗೆ ಬುಟ್ಟಿ ಸವರಿದಾಗ ಬೆದರಿ ಹಾರಿದ ಹಕ್ಕಿಯ ಬೆನ್ನು. ಕೆಲಸಕ್ಕೆ, ಒಪ್ಪಿಕೊಂಡ ಚಿತ್ರಕ್ಕೆ ಡ್ರೋನನ್ನೇ ಒಯ್ಯುತ್ತೇನೆ. ನನ್ನ ಸಂತೋಷಕ್ಕಾದರೆ ಬುಟ್ಟಿ, ಅದೂ ಒಂದೇ ಲೆನ್ಸಿನೊಂದಿಗೆ. ಗಾಳಿಪಟದ ದಾರವನ್ನು ಮೊನ್ನೆ ಕೊಂಡೆ. ಕೈಗವಸನ್ನೂ.