ಗೂಡು ಬಿಡಿಸುವ ಸ್ಟ್ಯಾಂಡ್: ಏಳು ಬೆಳೆ ಬಳಸಿದ ಮೇಲೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಹುಳ ಸಾಕುವವರು. ಒಂದು ಬೆಳೆಗೆ 100 ಮೊಟ್ಟೆ ಮೇಯಿಸುತ್ತೇವೆ; ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ನಮ್ಮ ಲೆಕ್ಕಕ್ಕೆ ಒಂದು ಮೊಟ್ಟೆ. ಅಂದರೆ ಸುಮಾರು 40,000 ಹುಳ, 40 ಚಂದ್ರಿಕೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ). ಆರಡಿ ಉದ್ದ, ನಾಲ್ಕಡಿ ಅಗಲದ ಚಂದ್ರಿಕೆಯನ್ನು ನೆಲಕ್ಕೆ ಹಾಕಿ, ಬಗ್ಗಿಕೊಂಡು ಒಂದೊಂದೇ ಗೂಡು ಬಿಡಿಸಬೇಕು. ನಾನು, ನಮ್ಮ ಅತ್ತೆ, ಇಬ್ಬರು ಆಳು. ಸಂಜೆ ಏಳುವಾಗ ಸೊಂಟ ನಮ್ಮದೇ ಅನ್ನಿಸುವುದಿಲ್ಲ.

ಈ ಸ್ಟ್ಯಾಂಡ್ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಒಂದು ಡಿಸೈನ್ ಕಾಲೇಜಿನ ಹುಡುಗ, ಹುಡುಗಿ ಸೇರಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಮಾಡಿದ್ದು. ವರ್ಷಪೂರ್ತಿ ಅದೊಂದೇ ಪ್ರಾಜೆಕ್ಟ್ ಅಂತೆ. ಮೊದಲ ಸಲ ಬಂದಾಗ ಗೂಡಿನ ರೇಟು ತೋರಿಸುವ ಆ್ಯಪ್ ಮಾಡುತ್ತೇವೆ ಅಂದರು. ಅತ್ತೆ, "ರೇಟು ಮಾರ್ಕೆಟ್ಟಿಗೆ ಹೋದ್ರೆ ಗೊತ್ತಾಗುತ್ತೆ ಬಿಡ್ರಪ್ಪಾ, ನನ್ನ ಸೊಂಟಕ್ಕೆ ಏನಾದ್ರೂ ಮಾಡಿ" ಅಂದರು. ಅಲ್ಲಿಂದ ಶುರು.

ಮೊದಲನೇ ಸ್ಟ್ಯಾಂಡಿಗೆ ಗಾಲಿ ಇತ್ತು. ನಮ್ಮ ಅಂಗಳ ಮಣ್ಣಿನದು, ಗಾಲಿ ಒಂದು ಗೇಣೂ ಉರುಳಲಿಲ್ಲ. ಎರಡನೆಯದು ಆ ಹುಡುಗನ ಎತ್ತರಕ್ಕೆ ಸರಿಯಾಗಿತ್ತು. ನಮ್ಮ ಅತ್ತೆ ಐದಡಿಯೂ ಇಲ್ಲ! ಜೊತೆಗೆ ಕೆಳಗಡೆ ತಗಡಿನ ತಟ್ಟೆ. ಅವತ್ತು ಅವರು ಬಂದಿದ್ದಾರೆ ಅಂತ ಒಂದು ದಿನ ಮುಂಚೆಯೇ ಬಿಡಿಸಿದೆವು. ಒಳಗಿನ ಹುಳ ಇನ್ನೂ ಎಳೆಯದು. ತಗಡಿಗೆ ಬಿದ್ದ ಗೂಡಿನಲ್ಲಿ ಅದು ಒಡೆದು ಕಲೆಯಾಯಿತು. ಕಲೆ ಗೂಡು ಕಂಡರೆ, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಸುಮ್ನೆ ಬಿಡುತ್ತಾರಾ?

ಮೂರನೆಯದು ಈಗ ಇರುವುದು. ಚಂದ್ರಿಕೆಯನ್ನು ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕೊಕ್ಕೆಗೆ ಸಿಕ್ಕಿಸುವುದು. ಸ್ಟೂಲ್ ಮೇಲೆ ಕೂತು ಬಿಡಿಸಿದರೆ ಗೂಡು ಜಾರಿ ಬಟ್ಟೆಯ ಜೋಲಿಗೆ ಬೀಳುತ್ತದೆ. ಕೊಕ್ಕೆಗೆ ಎರಡು ಹಂತ ಇದೆ, ಮೇಲಿನ ಸಾಲು ಮುಗಿದ ಮೇಲೆ ಎತ್ತಿ ಇನ್ನೊಂದಕ್ಕೆ ಹಾಕಿದರಾಯಿತು. ಮಡಚಿ ಗೋಡೆಗೆ ಒರಗಿಸಬಹುದು. ಮಳೆಗಾಲದಲ್ಲಿ ಚಂದ್ರಿಕೆಯೆಲ್ಲ ಪಡಸಾಲೆ ತುಂಬಿಕೊಳ್ಳುವಾಗ ಇದು ದೊಡ್ಡ ಅನುಕೂಲ. ಕೆಲಸ ಬೇಗ ಆಗುತ್ತದಾ ಅಂದರೆ ಇಲ್ಲ, ಅಷ್ಟೇ ಹೊತ್ತು. ಆದರೆ ಅತ್ತೆ ಈಗ ಸಂಜೆ ಮುಲಾಮು ಕೇಳುವುದಿಲ್ಲ.

ಬೇಜಾರಿನ ವಿಷಯ ತುಕ್ಕು. ಪ್ರತಿ ಬೆಳೆ ಮುಗಿದ ಮೇಲೆ ಹುಳದ ಮನೆ, ತಟ್ಟೆ, ಚಂದ್ರಿಕೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್, ಸುಣ್ಣ ಕಲಸಿದ ನೀರು ಹೊಡೆಯುತ್ತೇವೆ. ಇಲ್ಲದಿದ್ದರೆ ರೋಗ ಮುಂದಿನ ಬೆಳೆಗೂ ಬರುತ್ತದೆ. ಆ ಕಾಲೇಜಿನ ಮಕ್ಕಳು ನಾವು ಗೂಡು ಬಿಡಿಸುವ ದಿನ ಬರುತ್ತಿದ್ದರೇ ಹೊರತು ಔಷಧಿ ಹೊಡೆಯುವ ದಿನ ಬಂದದ್ದು ಒಂದೇ ಸಲ, ಅದೂ ಕೊನೆಗೆ. ಅಷ್ಟರಲ್ಲಿ ಕಬ್ಬಿಣದ ಪೈಪಿಗೆ ಬಣ್ಣ ಬಳಿದಾಗಿತ್ತು. ಈಗ ಬಣ್ಣ ಎದ್ದು, ನಟ್ಟು ತಿರುಗುವುದಿಲ್ಲ. ಫೋನ್ ಮಾಡಿದೆ. ಹುಡುಗಿಗೆ ಕೆಲಸ ಸಿಕ್ಕಿದೆಯಂತೆ, "ಸಾರಿ ಅಕ್ಕಾ" ಅಂದಳು. ಪಾಪ, ಅವಳದ್ದೇನು ತಪ್ಪು? ಮಕ್ಕಳು ಪಾಸಾದ ಮೇಲೆ ರಿಪೇರಿಗೆ ಯಾರು ಅಂತ ಕಾಲೇಜು ಯೋಚಿಸಬೇಕಿತ್ತು.

ಇನ್ನೊಂದು. ಪರೀಕ್ಷೆಗೆ ತೋರಿಸಬೇಕು ಅಂತ ಸ್ಟ್ಯಾಂಡನ್ನು ಬೆಂಗಳೂರಿಗೆ ಒಯ್ದರು. ಅದೇ ವಾರ ನಮ್ಮಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಿತು. ಹುಳಕ್ಕೆ ಸೆಮಿಸ್ಟರ್ ಗೊತ್ತಾ? ಆ ಬೆಳೆ ಮತ್ತೆ ನೆಲದ ಮೇಲೆ.

ಒಂದು ದಿನ ಚಹಾ ಕುಡಿಯುತ್ತಾ ಆ ಹುಡುಗ ಹೇಳಿದ, ಅಮೆರಿಕದ ಡಿಸೈನರ್ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಡಿಸೈನ್ ಬಗ್ಗೆ ಒಂದು ವರದಿ ಕೊಟ್ಟಿದ್ದರಂತೆ. ಅದಾದ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ಎನ್ಐಡಿ ಅನ್ನುವ ಡಿಸೈನ್ ಕಾಲೇಜು ಶುರುವಾಯಿತಂತೆ. ಆ ವರದಿಯಲ್ಲಿ ಅವರು ತುಂಬಾ ಹೊಗಳಿದ್ದು ನಮ್ಮ ಚೊಂಬನ್ನು. ಅದನ್ನು ಒಬ್ಬರು ಮಾಡಿದ್ದಲ್ಲ, ತಲೆತಲಾಂತರದಿಂದ ಎಷ್ಟೋ ಜನ ತಿದ್ದಿದ್ದು ಅಂತ. ಅತ್ತೆ ಕೇಳಿಸಿಕೊಂಡು, "ಹಂಗಾದ್ರೆ ನೀವು ಒಂದೇ ವರ್ಷಕ್ಕೆ ಹೊರಟುಬಿಡ್ತೀರಲ್ಲಾ" ಅಂದರು. ಹುಡುಗ ನಕ್ಕುಬಿಟ್ಟ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬೇಕಾದವರು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿಕೊಳ್ಳಬಹುದು. ನಮ್ಮದನ್ನು ಅಳತೆ ತೆಗೆದವರು 2,400 ಕೇಳಿದರು, ಜಿಐ (ಸತು ಲೇಪಿಸಿದ) ಪೈಪಿಗಾದರೆ 3,100. ಜಿಐ ಹಾಕಿಸಿ. ಪಕ್ಕದ ಮನೆಯವರು ಹೋದ ತಿಂಗಳು ಒಂದು ಮಾಡಿಸಿದರು. ಗಾಲಿ ಮಾತ್ರ ಬೇಡ ಅಂತ ಅತ್ತೆ ತಾವೇ ಅಂಗಡಿ ತನಕ ಹೋಗಿ ಹೇಳಿ ಬಂದರು.